ಲೆಕ್ಕ ಕೇಳಿದ್ದಕ್ಕೆ ನಾನು ಮಿರ್ಯಾಮಳೇ?

ಪ್ರಶ್ನೆ: ನಾನು ಗದಗ-ಬೆಟಗೇರಿಯ ಒಂದು ಸ್ವತಂತ್ರ ಕ್ರೈಸ್ತ ಸಭೆಗೆ ಹೋಗುವವಳು, ಶಾಲಾ ಶಿಕ್ಷಕಿ. ನಮ್ಮ ಸ್ತ್ರೀಯರ ಕೂಟದ ಹಣ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಿ ಕೂಡಿಸಿದ ಹಣವನ್ನು ಪ್ರಾರ್ಥನಾ ಮಂದಿರದ ಕಟ್ಟಡಕ್ಕೆಂದು ಕೊಟ್ಟಿದ್ದೆವು. ಅದು ಎಲ್ಲಿಗೆ ಬಂತು ಎಂದು ಕೇಳಿದಾಗ ಪಾಸ್ಟರ್, "ನಾ ದೇವರಿಗೆ ಲೆಕ್ಕಾ ಕೊಡಾಂವ್ರಿ, ಮನಷ್ಯಾರಿಗಲ್ಲ" ಎಂದರು. ಮುಂದಿನ ಭಾನುವಾರ ಅವರು ಮಾಡಿದ್ದು, ಇಸ್ರಾಯೇಲ್ಯರ ಮುಂದಾಳು ಮೋಶೆಯ ವಿರುದ್ಧ ಮಾತಾಡಿದ ಅವನ ಅಕ್ಕ ಮಿರ್ಯಾಮಳಿಗೆ ಕುಷ್ಠ ಹತ್ತಿದ್ದರ ಮೇಲೆ ಪ್ರಸಂಗ. ಹೆಸರು ಹೇಳಲಿಲ್ಲ, ಆದರೆ ಕುಳಿತವರೆಲ್ಲ ನನ್ನ ಕಡೆಯೇ ತಿರುಗಿದರು. ಪಾಸ್ಟರ್ ಕೆಟ್ಟವರಲ್ಲ. ಉಪವಾಸವಿರುತ್ತಾರೆ, ರಾತ್ರಿಯಿಡೀ ಪ್ರಾರ್ಥಿಸುತ್ತಾರೆ, ನಮ್ಮ ಮನೆಗೆ ಬಂದರೆ ನೆಲದ ಮೇಲೆ ಕುಳಿತು ಉಣ್ಣುತ್ತಾರೆ, ಶುಭ ಶುಕ್ರವಾರದ ಹಿಂದಿನ ರಾತ್ರಿ ನಮ್ಮ ಕಾಲು ತೊಳೆಯುತ್ತ ಅಳುತ್ತಾರೆ. ಆದರೆ ಬೇರೆ ಸಭೆಗಳನ್ನೆಲ್ಲ "ಸತ್ತ ಸಭೆ" ಅನ್ನುತ್ತಾರೆ. ಇಷ್ಟು ದೀನರಾದವರಲ್ಲಿ ಗರ್ವ ಇರಲು ಸಾಧ್ಯವೇ? ಅಥವಾ ಸ್ವನೀತಿ, ಅಂದರೆ ನಾನೇ ನೀತಿವಂತಳೆಂಬ ಭಾವ, ಇರುವುದು ನನ್ನಲ್ಲೋ? ಅವರ ಕೈಯಿಂದ ಕರ್ತನ ಭೋಜನ (ಕ್ರಿಸ್ತನ ನೆನಪಿನ ರೊಟ್ಟಿ-ದ್ರಾಕ್ಷಾರಸ) ತೆಗೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಸಭೆ ಬಿಟ್ಟುಬಿಡಲೇ?

ಉತ್ತರ: ಸಹೋದರಿ, ಮೊದಲು ಮಿರ್ಯಾಮಳ ವಿಷಯ ಮುಗಿಸೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಕಾಣುತ್ತದೆ.

ಬೈಬಲಿನ ಅರಣ್ಯಕಾಂಡದ 12ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಅಲ್ಲಿ ಮಿರ್ಯಾಮಳೂ ಆರೋನನೂ ಮೋಶೆಯ ವಿರುದ್ಧ ಮಾತಾಡಿದ್ದು ಎರಡು ಕಾರಣಕ್ಕೆ. ಅವನು ಕೂಷ್ ದೇಶದ ಹೆಣ್ಣನ್ನು ಮದುವೆಯಾಗಿದ್ದ. ಜೊತೆಗೆ, ದೇವರು ಅವನೊಬ್ಬನ ಮೂಲಕವೇ ಮಾತಾಡುತ್ತಾನೋ ಎಂಬ ಹೊಟ್ಟೆಕಿಚ್ಚು. ಹಣದ ಮಾತು ಅಲ್ಲಿ ಸುಳಿಯುವುದೇ ಇಲ್ಲ. ಇನ್ನೂ ಮುಖ್ಯವಾದದ್ದು ಮೋಶೆ ಏನು ಮಾಡಿದ ಎಂಬುದು. ತನ್ನ ಪರವಾಗಿ ಅವನು ಒಂದು ಮಾತೂ ಆಡಲಿಲ್ಲ. ಭೂಮಿಯ ಮೇಲಿನ ಎಲ್ಲರಿಗಿಂತ ಮೋಶೆ ಬಹು ಸಾತ್ವಿಕ ಎಂಬ ಮಾತು ಬರುವುದು ಇದೇ ಅಧ್ಯಾಯದಲ್ಲಿ, ತಮ್ಮನ ಮೇಲೆ ಅಕ್ಕನೇ ತಿರುಗಿ ಬಿದ್ದ ಹೊತ್ತಿನಲ್ಲಿ. ಅವನು ಬಾಯಿ ತೆರೆದದ್ದು ಒಮ್ಮೆ ಮಾತ್ರ: ದೇವರೇ, ಇವಳನ್ನು ವಾಸಿಮಾಡು ಎಂದು. ಆಮೇಲೆ ಏಳು ದಿನ, ಅವಳು ಪಾಳೆಯದೊಳಕ್ಕೆ ಮರಳುವವರೆಗೆ, ಇಡೀ ಜನಾಂಗ ಒಂದು ಹೆಜ್ಜೆಯೂ ಮುಂದೆ ಹೋಗದೆ ಕಾದಿತು.

ಈಗ ಆ ಭಾನುವಾರದ ಪ್ರಸಂಗವನ್ನು ಇದರ ಪಕ್ಕದಲ್ಲಿಡಿ. ಮೋಶೆಯ ಜಾಗದಲ್ಲಿ ನಿಂತವರು ಸುಮ್ಮನಿರಬೇಕಿತ್ತು, ಪ್ರಶ್ನೆ ಕೇಳಿದವಳಿಗಾಗಿ ಪ್ರಾರ್ಥಿಸಬೇಕಿತ್ತು, ಅವಳು ಸಭೆಯಲ್ಲಿ ತಲೆಯೆತ್ತಿ ಕೂರುವಂತಾಗುವವರೆಗೆ ಕಾಯಬೇಕಿತ್ತು. ನಿಮ್ಮ ಪಾಸ್ಟರ್ ಮೋಶೆಯ ಪಾತ್ರವನ್ನು ಬಿಟ್ಟು, ಕುಷ್ಠ ಬರಿಸಿದಾತನ ಪಾತ್ರವನ್ನು ವಹಿಸಿಕೊಂಡರು. ಪುಲ್ಪಿಟ್ ಮೇಲೆ ನಿಂತವರಿಗೆ ಇದು ಬಹಳ ಸುಲಭವಾಗಿ ಆಗಿಬಿಡುತ್ತದೆ. ಕೆಳಗೆ ಕುಳಿತವರಿಗೆ ತಿರುಗಿ ಮಾತಾಡುವ ಅವಕಾಶ ಅಲ್ಲಿಲ್ಲವಲ್ಲ.

ಅದೇ ಮೋಶೆ ಕಟ್ಟಡದ ಲೆಕ್ಕ ಕೊಟ್ಟಿದ್ದನ್ನು ನಿಮ್ಮ ಸಭೆಯಲ್ಲಿ ಯಾರಾದರೂ ಪ್ರಸಂಗ ಮಾಡಿದ್ದಾರೆಯೇ? ನಾನಂತೂ ನಮ್ಮ ಕಡೆ ಹೆಚ್ಚು ಕೇಳಿಲ್ಲ. ವಿಮೋಚನಕಾಂಡ 38ನೇ ಅಧ್ಯಾಯದ ಕೊನೆಯ ಭಾಗ ನೋಡಿ. ದೇವದರ್ಶನದ ಗುಡಾರಕ್ಕೆ ಜನ ಕೊಟ್ಟ ಲೋಹದ ಪಟ್ಟಿ ಆ ಕಾಲದ ತೂಕಗಳಲ್ಲಿ ಅಲ್ಲಿದೆ: ಬಂಗಾರ 29 ತಲಾಂತು 730 ಶೆಕೆಲ್, ಬೆಳ್ಳಿ 100 ತಲಾಂತು 1,775 ಶೆಕೆಲ್, ತಾಮ್ರ 70 ತಲಾಂತು 2,400 ಶೆಕೆಲ್. ಬಂದದ್ದು ಇಷ್ಟು ಎಂದು ಹೇಳಿ ಬಿಡುವುದಿಲ್ಲ, ಹೋದದ್ದು ಎಲ್ಲಿಗೆ ಎಂದೂ ಇದೆ. ನೂರು ತಲಾಂತು ಬೆಳ್ಳಿಯಲ್ಲಿ ನೂರು ಗದ್ದಿಗೇಕಲ್ಲು, ಒಂದಕ್ಕೆ ಒಂದು ತಲಾಂತು. ಮಿಕ್ಕ 1,775 ಶೆಕೆಲ್ ಕಂಬಗಳ ಕೊಂಡಿ ಮತ್ತು ಕಟ್ಟುಗಳಿಗೆ. ಲೆಕ್ಕ ಮಾಡಿಸಿದ್ದು ಮೋಶೆಯ ಅಪ್ಪಣೆ. ಬರೆದವರು ಲೇವಿಯರು, ಮೇಲ್ವಿಚಾರಣೆ ಆರೋನನ ಮಗ ಈತಾಮಾರನದು. ದೇವರೊಂದಿಗೆ ಮುಖಾಮುಖಿ ಮಾತಾಡುತ್ತಿದ್ದ ಮನುಷ್ಯ ಕೊಂಡಿಯ ಲೆಕ್ಕ ಇಡಿಸಿದ್ದಾನೆ. ದೇವರಿಗೆ ಲೆಕ್ಕ ಕೊಡುತ್ತೇನೆ, ಮನುಷ್ಯರಿಗೆ ಕೊಡುವುದಿಲ್ಲ ಎಂಬ ಮಾತು ಆ ಅಧ್ಯಾಯದ ಮುಂದೆ ನಿಲ್ಲುವುದಿಲ್ಲ.

ಈ ಮಾತಿನ ಬೆನ್ನಿಗೇ ಬರುವ ಇನ್ನೊಂದು ವಾಕ್ಯವನ್ನೂ ನೀವು ಕೇಳಿಯೇ ಇರುತ್ತೀರಿ: ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ. 105ನೇ ಕೀರ್ತನೆಯದು. ಅಲ್ಲಿ ನೆನಪಿಸಿಕೊಂಡಿರುವುದು ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರನ್ನು. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಅರಸರನ್ನು ಗದರಿಸಿದ್ದನ್ನು. ಹಾಗೆ ಗದರಿಸಿದ ಕಥೆ ಆದಿಕಾಂಡ 20ರಲ್ಲಿದೆ. ಅಲ್ಲಿ ತಪ್ಪು ಮಾಡಿದವನು ಅಬ್ರಹಾಮನೇ. ಹೆಂಡತಿಯನ್ನು ತಂಗಿ ಎಂದು ಹೇಳಿ ಅಬೀಮೆಲೆಕನನ್ನು ಸಿಕ್ಕಿಸಿದ್ದ. ಆ ಅನ್ಯದೇಶದ ಅರಸ, ನೀನು ನಮಗೆ ಮಾಡಿದ್ದೇನು ಎಂದು ನೇರವಾಗಿ ಕೇಳುತ್ತಾನೆ. ಅಬ್ರಹಾಮ ಉತ್ತರ ಕೊಡುತ್ತಾನೆ, ಉತ್ತರ ಸ್ವಲ್ಪ ಕುಂಟುತ್ತದೆ ನಿಜ, ಆದರೂ ಕೊಡುತ್ತಾನೆ. "ನಾನು ಪ್ರವಾದಿ, ನನ್ನನ್ನು ಕೇಳಬೇಡ" ಅನ್ನುವುದಿಲ್ಲ. ಮುಟ್ಟಬೇಡಿ ಎಂದರೆ ಕೇಡು ಮಾಡಬೇಡಿ ಎಂದೇ ಹೊರತು ಕೇಳಬೇಡಿ ಎಂದಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಉಪವಾಸ ಮಾಡುವವರು, ಕಾಲು ತೊಳೆಯುವವರು, ಅಳುವವರು ಗರ್ವಿಗಳಾಗಿರಲು ಸಾಧ್ಯವೇ? ಸಾಧ್ಯ. ಅಷ್ಟೇ ಅಲ್ಲ, ಸ್ವನೀತಿ ಬೆಳೆಯುವುದೇ ಅಂಥ ಹೊಲದಲ್ಲಿ.

ಲೂಕ 18ರಲ್ಲಿ ಒಬ್ಬ ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು) ಒಬ್ಬ ಸುಂಕದವನೂ ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಆ ಫರಿಸಾಯನನ್ನು ನಾವು ಭಾನುವಾರ ಶಾಲೆಯಿಂದಲೂ ಕಪಟಿ ಎಂದೇ ಕಲಿತಿದ್ದೇವೆ. ನಾಟಕ ಆಡಿಸುವಾಗ ಅವನಿಗೆ ಮೀಸೆ ತಿರುವಿ ನಿಲ್ಲಿಸುತ್ತೇವೆ. ಆದರೆ ಕರ್ತನು ಹೇಳಿದ ಕಥೆಯಲ್ಲಿ ಅವನು ಒಂದೇ ಒಂದು ಸುಳ್ಳನ್ನೂ ಆಡಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಎಂದ, ನಿಜವಾಗಿಯೂ ಮಾಡುತ್ತಿದ್ದ. ಧರ್ಮಶಾಸ್ತ್ರ ಕೇಳಿದ್ದು ವರ್ಷಕ್ಕೆ ಒಂದು ದಿನ, ದೋಷಪರಿಹಾರಕ ದಿನದ್ದು. ಅವನು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಾಡುತ್ತಿದ್ದ. ಸಂಪಾದನೆಯಲ್ಲೆಲ್ಲ ದಶಮಾಂಶ ಕೊಡುತ್ತಿದ್ದ, ಅದೂ ನಿಜ. ಇದನ್ನೆಲ್ಲ ತನ್ನ ಸಾಮರ್ಥ್ಯ ಎಂದೂ ಹೇಳಿಕೊಳ್ಳಲಿಲ್ಲ, ದೇವರಿಗೆ ಸ್ತೋತ್ರ ಹೇಳುತ್ತಲೇ ಶುರು ಮಾಡಿದ. ಇವತ್ತು ಇಂಥವರೊಬ್ಬರು ನಮ್ಮ ಸಭೆಗೆ ಬಂದರೆ ಮುಂದಿನ ಚುನಾವಣೆಯಲ್ಲೇ ಹಿರಿಯರನ್ನಾಗಿ ಆರಿಸುತ್ತೇವೆ.

ಹಾಗಾದರೆ ಅವನು ಎಡವಿದ್ದೆಲ್ಲಿ? ಪ್ರಾರ್ಥನೆಯ ನಡುವೆ ಅವನ ಕಣ್ಣು ಪಕ್ಕಕ್ಕೆ ಹೊರಳಿತು, ಅಗೋ ಆ ಸುಂಕದವನಂತೆ ನಾನಲ್ಲ ಎಂದು. ತಾವೇ ನೀತಿವಂತರೆಂದು ನಂಬಿ ಉಳಿದವರನ್ನು ಉದಾಸೀನ ಮಾಡುವವರಿಗೆ ಹೇಳಿದ ಸಾಮ್ಯ ಇದು ಎಂದು ಲೂಕ ಮೊದಲೇ ಬರೆದಿಟ್ಟಿದ್ದಾನೆ. ಎರಡೂ ಒಟ್ಟಿಗೇ ಇರುತ್ತವೆ. ತನ್ನ ನೀತಿಯನ್ನು ಅಳೆದುಕೊಳ್ಳಲು ಸ್ವನೀತಿಗೆ ಪಕ್ಕದಲ್ಲಿ ಒಬ್ಬ ಕೀಳಾದವನು ಬೇಕೇ ಬೇಕು. "ಸತ್ತ ಸಭೆ" ಎಂಬ ಮಾತು ಪ್ರತಿ ಪ್ರಸಂಗದಲ್ಲೂ ಏಕೆ ಬರುತ್ತದೆ ಎಂಬುದಕ್ಕೆ ಇದೇ ಕಾರಣ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಇದು ಇಲ್ಲ ಎಂದುಕೊಳ್ಳಬೇಡಿ. "ಅವರೇನು ಬಿಡ್ರಿ, ಬರೇ ಚೀರಾಡ್ತಾರ" ಎಂದು ನಿಮ್ಮಂಥ ಸಭೆಗಳ ಬಗ್ಗೆ ನಮ್ಮ ಹಿರಿಯರು ನಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅಂಗಿ ಬೇರೆ, ಕಾಯಿಲೆ ಒಂದೇ.

ಕಳ್ಳನಿಗೆ ಸ್ವನೀತಿ ಬರುವುದು ಕಷ್ಟ. ತಾನು ಕಳ್ಳನೆಂದು ಅವನಿಗೆ ಗೊತ್ತಿರುತ್ತದೆ. ಕೈಯಲ್ಲಿದ್ದ ನೌಕರಿ ಬಿಟ್ಟು ಬಂದವನಿಗೆ, ಬಾಡಿಗೆ ಕೋಣೆಯಲ್ಲಿ ನಾಲ್ಕು ಜನರನ್ನು ಕೂಡಿಸಿ ಸಭೆ ಕಟ್ಟಿದವನಿಗೆ, ಮಳೆಯಲ್ಲಿ ನೆನೆದು ಹಳ್ಳಿಹಳ್ಳಿ ಸುತ್ತಿದವನಿಗೆ ಅದು ಬರುತ್ತದೆ. ನಾನು ಇಷ್ಟೆಲ್ಲ ಕೊಟ್ಟಿದ್ದೇನೆ, ಇವರು ನನ್ನನ್ನೇ ಕೇಳುತ್ತಾರಲ್ಲ ಎನ್ನುವುದು ಅವನೊಳಗಿನ ಮಾತು. ಕೊಟ್ಟದ್ದು ಸುಳ್ಳಲ್ಲ. ಆದರೆ ಆ ತ್ಯಾಗವೇ ಎಲ್ಲ ಪ್ರಶ್ನೆಗೂ ಉತ್ತರ ಎಂದು ಅವನಿಗೆ ಅನ್ನಿಸಿಬಿಡುತ್ತದೆ.

ಹಾಗಾದರೆ ದೀನತೆಯನ್ನು ಗುರುತಿಸುವುದು ಹೇಗೆ? ಸಭಾಪಾಲಕರಾಗಲು ಬರುವ ಹುಡುಗರಿಗೆ ಪಾಠ ಮಾಡುವಾಗ ನಾನು ಹೇಳುವುದು ಇಷ್ಟೇ: ದೀನತೆಯಲ್ಲಿ ಎರಡು ಬಗೆ. ಒಂದು ನಾವೇ ಆರಿಸಿಕೊಳ್ಳುವುದು, ಇನ್ನೊಂದು ಬೇರೆಯವರು ತಂದು ಮುಂದಿಡುವುದು. ಕಾಲು ತೊಳೆಯುವ ದಿನ ಮೊದಲೇ ಗೊತ್ತಿರುತ್ತದೆ. ಬೋಗುಣಿ, ಟವೆಲ್ಲು, ಬಿಸಿನೀರು ಎಲ್ಲ ಸಿದ್ಧ. ಯಾರ ಕಾಲು ಎಂಬುದೂ ತೀರ್ಮಾನವಾಗಿರುತ್ತದೆ, ಅವರೂ ಮನೆಯಿಂದ ತೊಳೆದುಕೊಂಡೇ ಬಂದಿರುತ್ತಾರೆ. ನೆಲದ ಮೇಲೆ ಕುಳಿತು ಉಣ್ಣುವುದೂ ಹಾಗೆಯೇ, ಬೇಕೆಂದಾಗ ಏಳಬಹುದು. ಇವು ಒಳ್ಳೆಯವೇ, ಬಿಡಬಾರದು. ಆದರೆ ಇಲ್ಲಿ ಬಾಗುವವನೇ ಯಜಮಾನ, ಎಷ್ಟು ಬಾಗಬೇಕು ಎಂದು ಗೊತ್ತುಮಾಡುವವನು ಅವನೇ. ಕೂಟದ ಹಣ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು "ಆ ರೊಕ್ಕ ಎಲ್ಲಿಗೆ ಬಂತ್ರಿ?" ಎಂದು ಕೇಳುತ್ತಾಳಲ್ಲ, ಆ ಕ್ಷಣಕ್ಕೆ ಸಿದ್ಧತೆ ಇರುವುದಿಲ್ಲ. ಅದನ್ನು ಪಾಸ್ಟರ್ ಆರಿಸಿಕೊಂಡಿಲ್ಲ. ಅವರು ದೀನರೋ ಅಲ್ಲವೋ ಗೊತ್ತಾಗುವುದು ಅಲ್ಲಿ.

ಕಣ್ಣೀರಿನ ಮೇಲೂ ಹೆಚ್ಚು ಭಾರ ಹಾಕಬೇಡಿ. ಇಸ್ರಾಯೇಲಿನ ಮೊದಲ ಅರಸ ಸೌಲನೂ ಅತ್ತಿದ್ದಾನೆ. ಮೊದಲನೆಯ ಸಮುವೇಲ 24ರಲ್ಲಿ ಅವನು ಮೂರು ಸಾವಿರ ಜನರನ್ನು ಕಟ್ಟಿಕೊಂಡು ದಾವೀದನನ್ನು ಹುಡುಕುತ್ತ ಹೋಗುತ್ತಾನೆ. ಗುಹೆಯಲ್ಲಿ ದಾವೀದ ಅವನ ಜೀವ ಉಳಿಸಿದ್ದು ತಿಳಿದಾಗ ಗಟ್ಟಿಯಾಗಿ ಅತ್ತು, ನನಗಿಂತ ನೀನು ನೀತಿವಂತ ಎಂದು ಒಪ್ಪಿಕೊಳ್ಳುತ್ತಾನೆ. ಎರಡು ಅಧ್ಯಾಯ ದಾಟಿ 26ಕ್ಕೆ ಬನ್ನಿ: ಮತ್ತೆ ಅದೇ ಮೂರು ಸಾವಿರ ಜನ, ಮತ್ತೆ ಅದೇ ಬೇಟೆ. ಆ ಅಳು ನಾಟಕವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಅತ್ತಾಗ ಮನಸ್ಸು ಕರಗಿತ್ತು, ಅಧಿಕಾರ ಮಾತ್ರ ಕರಗಿರಲಿಲ್ಲ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ, ಸೌಲ ಮತ್ತು ದಾವೀದ ಇಬ್ಬರೂ "ನಾನು ಪಾಪಮಾಡಿದ್ದೇನೆ" ಎಂದವರೇ. ಸೌಲ ಹೇಳಿದ್ದು ಸಮುವೇಲನ ಮುಂದೆ, 15ನೇ ಅಧ್ಯಾಯದಲ್ಲಿ. ಅದರ ಬೆನ್ನಿಗೇ ಅವನು ಬೇಡಿಕೊಂಡಿದ್ದು, ಆದರೂ ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು. ದಾವೀದ ಹೇಳಿದ್ದು ನಾತಾನನ ಮುಂದೆ. ಅವನ ಮಾತು ಅಲ್ಲಿಗೇ ನಿಲ್ಲುತ್ತದೆ, ಮುಂದೆ "ಆದರೂ" ಇಲ್ಲ. ಪಾಪದ ತೂಕ ನೋಡಿದರೆ ದಾವೀದನದೇ ಘೋರ: ವ್ಯಭಿಚಾರ, ಅದನ್ನು ಮುಚ್ಚಲು ಕೊಲೆ. ಆದರೂ ಅರಮನೆಗೆ ಬಂದು ಆ ಮನುಷ್ಯ ನೀನೇ ಎಂದ ಪ್ರವಾದಿಯ ಮೇಲೆ ಅವನು ಕೈಮಾಡಲಿಲ್ಲ, ಅವನನ್ನು ಹೊರಗೂ ಹಾಕಲಿಲ್ಲ.

ಪೇತ್ರನ ವಿಷಯವೂ ಅಷ್ಟೇ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದವನು ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಪಂಕ್ತಿಯಿಂದ ಎದ್ದು ದೂರವಾದ. ಪೌಲ ಅದನ್ನು ಎಲ್ಲರ ಮುಂದೆಯೇ ಖಂಡಿಸಿದ, ಗಲಾತ್ಯದ 2ನೇ ಅಧ್ಯಾಯದಲ್ಲಿದೆ. ಪೇತ್ರ ಕರ್ತನ ಜೊತೆ ನಡೆದವನು, ಪೌಲ ಆಮೇಲೆ ಬಂದವನು, ಅದಕ್ಕೂ ಮೊದಲು ಸಭೆಯನ್ನು ಹಿಂಸಿಸಿದವನು. ಹಿರಿತನದ ಮಾತು ತೆಗೆಯಲು ಪೇತ್ರನಿಗೆ ಬೇಕಾದಷ್ಟು ಕಾರಣವಿತ್ತು. ಆದರೆ ಪೇತ್ರನ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಸಿಗುವುದು "ನಮ್ಮ ಪ್ರಿಯ ಸಹೋದರನಾದ ಪೌಲ" ಎಂಬ ಮಾತು.

ಇದಕ್ಕೆ ತದ್ವಿರುದ್ಧವಾದ ಒಬ್ಬ ಮುಖಂಡನೂ ಹೊಸ ಒಡಂಬಡಿಕೆಯಲ್ಲಿದ್ದಾನೆ, ಪ್ರಸಂಗಗಳಲ್ಲಿ ಅವನ ಹೆಸರು ಬರುವುದು ಅಪರೂಪ. ಯೋಹಾನನ ಮೂರನೆಯ ಪತ್ರಿಕೆಯ ದಿಯೊತ್ರೇಫ. ಸಭೆಯಲ್ಲಿ ತಾನೇ ಮೊದಲಿಗನಾಗಬೇಕೆಂಬ ಆಸೆ ಅವನಿಗೆ. ಹೊರಗಿನಿಂದ ಬಂದ ಸಹೋದರರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವವರನ್ನು ಸಭೆಯಿಂದ ಹೊರಗೆ ಹಾಕುತ್ತಾನೆ. ಗಮನಿಸಿ, ಅವನ ಬೋಧನೆ ತಪ್ಪು ಎಂದು ಯೋಹಾನ ಎಲ್ಲಿಯೂ ಬರೆದಿಲ್ಲ.

ಇಷ್ಟೆಲ್ಲ ಹೇಳಿ ತಪ್ಪನ್ನು ಪಾಸ್ಟರ್ ಒಬ್ಬರ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಅವರನ್ನು ಮೇಲಕ್ಕೆ ಏರಿಸಿದವರು ನಾವು. ಸ್ವಾಮಿಗಳ ಪಾದಕ್ಕೆರಗುವ ನಾಡು ನಮ್ಮದು, ಹುಟ್ಟಿದಾಗಿನಿಂದ ನೋಡುತ್ತ ಬಂದ ನಡೆ ಅದು. ಅದನ್ನೇ ಸಭೆಯೊಳಕ್ಕೂ ತಂದಿದ್ದೇವೆ. ಕನ್ವೆನ್ಷನ್ ಎಂದರೆ ಫ್ಲೆಕ್ಸಿನ ಮುಕ್ಕಾಲು ಭಾಗ ದೇವಸೇವಕರ ಫೋಟೋ, ಶಿಲುಬೆ ಮೂಲೆಯಲ್ಲಿ. ಹಾವೇರಿ ಕಡೆಯವರಾದರೆ ಏಲಕ್ಕಿ ಹಾರ, ಮೈಮೇಲೆ ಶಾಲು, ಪೇಟ. ಪ್ರಾರ್ಥನೆಗೆ ಬಂದವರು ತಲೆ ಕೊಟ್ಟು ಬಾಗುವುದು, ಕೆಲವರು ಕಾಲಿಗೇ ಬೀಳುವುದು. ಕೊರ್ನೇಲ್ಯ ಪಾದಕ್ಕೆ ಬಿದ್ದಾಗ ಪೇತ್ರ ಅವನನ್ನು ಹಿಡಿದೆತ್ತಿ, ಏಳು, ನಾನೂ ಮನುಷ್ಯನೇ ಎಂದ. ಹಾಗೆ ಎತ್ತುವ ಪಾಸ್ಟರ್‌ಗಳು ಇದ್ದಾರೆ. ಬೇಡ ಎಂದರೂ ಬೀಳುವ ನಮ್ಮವರೂ ಇದ್ದಾರೆ, ವರ್ಷಗಟ್ಟಲೆ ಬೇಡ ಅನ್ನುವವರಿಗೂ ಒಂದು ದಿನ ಬೇಸರ ಬಂದುಬಿಡುತ್ತದೆ. ಕಾಗಿನೆಲೆಯ ಕನಕದಾಸರು "ನಾನು ಹೋದರೆ ಹೋದೇನು" ಎಂದ ಕಥೆಯನ್ನು ನಮ್ಮ ಬೋಧಕರೂ ಪ್ರಸಂಗದಲ್ಲಿ ಹೇಳುತ್ತಾರೆ. ಕೆಲವರು ಅದನ್ನು ಹೇಳುವ ಗತ್ತು ನೋಡಿದರೆ ಕನಕದಾಸರಿಗೇ ಗಾಬರಿಯಾದೀತು.

ಹೃದಯದ ಒಳಗನ್ನು ನಾವು ನೋಡಲಾಗುವುದಿಲ್ಲ. ಅದಕ್ಕೇ ಸಭೆಗೆ ಕಟ್ಟುಪಾಡು ಬೇಕು. ನಿಮ್ಮ ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ಅದಕ್ಕೂ ಮೊದಲು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. ಆ ಮಿಷನರಿಗಳು ದೀನರಾಗಿದ್ದರೇ? ಎಲ್ಲರೂ ಅಲ್ಲ. ಸಭೆಯವರನ್ನು ಮಕ್ಕಳಂತೆ ಕಂಡು, ಅವರ ಮನೆವಾರ್ತೆಯಲ್ಲೂ ಕೈಹಾಕಿದವರು ಅವರಲ್ಲಿದ್ದರು. ಆದರೆ ಅವರ ತಲೆಯ ಮೇಲೆ ಬಾಸೆಲ್ ಪಟ್ಟಣದಲ್ಲಿ ಒಂದು ಕಮಿಟಿ ಇತ್ತು. ಅದಕ್ಕೆ ವರದಿ ಬರೆಯಬೇಕು, ಖರ್ಚು ತೋರಿಸಬೇಕು, ಮದುವೆಯಾಗಲೂ ಅದರ ಒಪ್ಪಿಗೆ ಬೇಕು. ಆ ಕಟ್ಟು ಅತಿಯಾಗಿತ್ತು ಎಂದು ನಾನೂ ಒಪ್ಪುತ್ತೇನೆ. ಅದರಿಂದ ಅವರ ಗರ್ವ ಹೋಗಲಿಲ್ಲ, ಆದರೆ ಗರ್ವಿಯಾದವನೂ ಲೆಕ್ಕದ ಪುಸ್ತಕ ತೆರೆದು ತೋರಿಸಲೇಬೇಕಿತ್ತು. ಸ್ವತಂತ್ರ ಸಭೆಗಳು ಮೇಲಿನವರ ಕಾಟ ಬೇಡವೆಂದು ಹೊರಬಂದವು. ಕಾಟದ ಜೊತೆಗೆ ಕೇಳುವವರೂ ಹೋದರು. ಎಷ್ಟೋ ಕಡೆ ಕಟ್ಟಡ ನಿಧಿಯ ಖಾತೆ ಪಾಸ್ಟರ್ ಮತ್ತು ಪಾಸ್ಟರಮ್ಮನ ಜಂಟಿ ಹೆಸರಿನಲ್ಲಿರುತ್ತದೆ.

ಇಲ್ಲಿ ಪಾಸ್ಟರ್ ಪರವಾಗಿಯೂ ಒಂದು ಮಾತು ಹೇಳಬೇಕು. ನಿಮ್ಮ ಪತ್ರದಲ್ಲಿ ಹಣ ನುಂಗಿದರು ಎಂಬುದಕ್ಕೆ ಯಾವ ಆಧಾರವೂ ಇಲ್ಲ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ಕಳ್ಳತನದವಲ್ಲ. ಸಿಮೆಂಟಿಗೆ, ಕಬ್ಬಿಣಕ್ಕೆ ಮುಂಗಡ ಕೊಟ್ಟಿರುತ್ತಾರೆ, ರಸೀದಿ ಇಟ್ಟಿರುವುದಿಲ್ಲ. ನಡುವೆ ಮನೆಯಲ್ಲಿ ಯಾರಿಗೋ ಆಪರೇಷನ್, ಮಗಳ ಕಾಲೇಜಿನ ಫೀ. ಮುಂದಿನ ತಿಂಗಳು ಹಾಕಿಬಿಡೋಣ ಎಂದು ತೆಗೆದದ್ದು ಹಾಕಲಾಗದೆ ಉಳಿದಿರುತ್ತದೆ. ಸಂಬಳ ಇಂತಿಷ್ಟೆಂದು ಗೊತ್ತಿಲ್ಲ, ಪಿಂಚಣಿಯ ಮಾತಂತೂ ಇಲ್ಲವೇ ಇಲ್ಲ, ತಟ್ಟೆಗೆ ಬಿದ್ದದ್ದೇ ಮನೆಖರ್ಚು. ಅಂಥವರನ್ನು ಲೆಕ್ಕ ಕೇಳಿದರೆ ಬದುಕನ್ನೇ ಅನುಮಾನಿಸಿದಂತೆ ಅವರಿಗೆ ಕೇಳಿಸುತ್ತದೆ. ಹೆದರಿದ ಮನುಷ್ಯ ವಾಕ್ಯದ ಹಿಂದೆ ಅಡಗುತ್ತಾನೆ. ಪೌಲನಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಆಳು ತನ್ನ ಕೂಲಿಗೆ ಯೋಗ್ಯ ಎಂಬುದು 18ನೇ ವಚನ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿದ್ದರೆ ಮಾತ್ರ ತೆಗೆದುಕೊಳ್ಳಬೇಕು ಎಂಬುದು 19, ತಪ್ಪು ಮಾಡಿದ್ದು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು ಎಂಬುದು 20. ಕೂಲಿಯ ಮಾತೂ ದೂರಿನ ಮಾತೂ ಒಂದರ ಪಕ್ಕ ಒಂದು. ನಿಮ್ಮ ಸಭೆ ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈಹಾಕಿದರೆ ಕೆಲಸ ಕೆಡುತ್ತದೆ.

ಕರ್ತನ ಭೋಜನದ ಬಗ್ಗೆ ಕೇಳಿದ್ದೀರಿ. ಇದು ಹಳೆಯ ಜಗಳ, ತೀರ್ಪೂ ಹಳೆಯದೇ. ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಹಿಂಸೆ ಶುರುಮಾಡಿದಾಗ ಉತ್ತರ ಆಫ್ರಿಕದ ಕೆಲವು ಬಿಷಪರು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದ್ದರು. ಹಿಂಸೆ ನಿಂತ ಮೇಲೆ, ಗಟ್ಟಿಯಾಗಿ ನಿಂತವರು ಅವರನ್ನೂ ಅವರ ಕೈಯಿಂದ ದೀಕ್ಷೆ ಪಡೆದವರನ್ನೂ ಒಪ್ಪಲಿಲ್ಲ. ಅಂಥವರು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂದು ವಾದಿಸಿ ಬೇರೆಯಾದರು. ಅವರೇ ಡೊನಾಟಿಸ್ಟರು. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಕೂಡಿದ ಬಿಷಪರ ಸಭೆ ಅವರ ವಾದವನ್ನು ತಳ್ಳಿಹಾಕಿತು. ಹಿಪ್ಪೋದ ಬಿಷಪ್ ಅಗಸ್ಟೀನ್ ಮುಂದೆ ಇದಕ್ಕೆ ವಿವರವಾಗಿ ಉತ್ತರ ಬರೆದರು: ಕೊಡುವಾತ ಕ್ರಿಸ್ತನು, ಬಡಿಸುವವನ ಕೈ ಮೈಲಿಗೆಯಾದರೆ ಊಟ ಕೆಡುವುದಿಲ್ಲ ಎಂಬುದು ಅದರ ಸಾರ. ಆದ್ದರಿಂದ ನೀವು ಹಿಂಜರಿಯದೆ ತೆಗೆದುಕೊಳ್ಳಿ. ಡೊನಾಟಿಸ್ಟರ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ. ಅವರು ನಿಜವಾಗಿಯೂ ಕಷ್ಟಪಟ್ಟ ಜನ. ಅವರ ನಡುವೆ ಪ್ರಾಣ ಕೊಟ್ಟವರಿದ್ದರು. ಆ ಹುತಾತ್ಮರ ರಕ್ತವೇ ಮುಂದಿನ ತಲೆಮಾರಿಗೆ, ನಾವು ಮಾತ್ರ ಶುದ್ಧರು ಎನ್ನಲು ಬಂಡವಾಳವಾಯಿತು.

ಸ್ವನೀತಿ ನಿಮ್ಮಲ್ಲೂ ಇರಬಹುದೇ? ಇರಬಹುದು. ಕೇಳಿಕೊಂಡಿದ್ದೇ ಒಳ್ಳೆಯದಾಯಿತು, ಆದರೆ ಅದನ್ನೇ ಹಿಡಿದುಕೊಂಡು ಕೈಕಟ್ಟಿ ಕೂರಬೇಡಿ. ತನ್ನ ಮನಸ್ಸು ಪೂರ್ತಿ ಶುದ್ಧವಾದ ಮೇಲೆಯೇ ಸತ್ಯ ಕೇಳುತ್ತೇನೆ ಎಂದವರು ಎಂದೂ ಕೇಳುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಾಳೆ ಪಾಸ್ಟರ್ ಪುಸ್ತಕ ತಂದು ತೋರಿಸಿದರು, ಒಂದು ರೂಪಾಯಿಯೂ ಆಚೀಚೆ ಆಗಿಲ್ಲ, ಎಲ್ಲ ಸರಿಯಿದೆ ಎಂದಿಟ್ಟುಕೊಳ್ಳಿ. ಆಗ ನಿಮಗೆ ಹಗುರ ಅನ್ನಿಸುತ್ತದೋ, ಸಪ್ಪೆ ಅನ್ನಿಸುತ್ತದೋ? ಹಗುರ ಅನ್ನಿಸಿದರೆ ಮುಂದೆ ಹೋಗಿ. ಸಪ್ಪೆ ಅನ್ನಿಸಿದರೆ ನಿಮಗೆ ಬೇಕಾದದ್ದು ಲೆಕ್ಕವಲ್ಲ, ಆ ಭಾನುವಾರದ ಅವಮಾನಕ್ಕೆ ಪ್ರತಿಯಾಗಿ ಅವರೊಮ್ಮೆ ತಲೆತಗ್ಗಿಸುವುದು. ಬಹಳ ಸಲ ಎರಡೂ ಕಲಸಿರುತ್ತವೆ. ಹಾಗಿದ್ದರೆ ಸ್ವಲ್ಪ ದಿನ ತಡೆದು, ಸಪ್ಪೆ ಕಡಿಮೆಯಾದ ಮೇಲೆ ಕೇಳಿ. ಕೇಳುವುದನ್ನಂತೂ ಬಿಡಬೇಡಿ. ಅದು ನಿಮ್ಮ ಸ್ವಂತದ ಹಣವಲ್ಲ, ಕೂಟದ ಹೆಂಗಸರು ಒಲೆ ಮುಂದೆ ಕುಳಿತು ರೊಟ್ಟಿ ಬಡಿದ ಹಣ. ಅವರಿಗೆ ಲೆಕ್ಕ ಒಪ್ಪಿಸುವುದು ನಿಮ್ಮ ಕೆಲಸ.

ಕೇಳುವ ರೀತಿಗೆ ಬರೋಣ. ಒಬ್ಬರೇ ಹೋಗಬೇಡಿ, ಕೂಟದ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಅದು ನಿಮಗೂ ರಕ್ಷಣೆ, ಪಾಸ್ಟರ್‌ಗೂ ರಕ್ಷಣೆ. ಬಾಯಿಮಾತಿನ ಬದಲು ಒಂದು ಪತ್ರ ಕೊಡಿ, ಸಭೆಯ ಹಿರಿಯರ ಹೆಸರಿಗೆ. ಸ್ತ್ರೀಯರ ಕೂಟದಿಂದ ಇಂಥ ತಾರೀಖಿಗೆ ಇಷ್ಟು ಹಣ ಕೊಟ್ಟಿದ್ದೇವೆ, ಅದು ಯಾವ ಖಾತೆಗೆ ಸೇರಿದೆ, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂದು ತಿಳಿಸಬೇಕು, ಇಷ್ಟೇ. ಪತ್ರದಲ್ಲಿ ಬೈಬಲ್ ವಾಕ್ಯ ಬರೆಯಬೇಡಿ. ನಾನು ಮೇಲೆ ಹೇಳಿದ್ದನ್ನಂತೂ ಬರೆಯಲೇಬೇಡಿ. ವಾಕ್ಯಕ್ಕೆ ಪ್ರತಿವಾಕ್ಯ ಶುರುವಾದರೆ ಲೆಕ್ಕ ಮರೆತುಹೋಗುತ್ತದೆ, ಮೈಕ್ ಇರುವವರು ಗೆಲ್ಲುತ್ತಾರೆ. ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದ ಸಹಿ ಹಾಕಿಸಿಕೊಳ್ಳಿ. ಅದೇ ದಿನ ಪಾಸ್ಟರ್‌ಗೆ ತಿಂಗಳಿಗೆ ಇಷ್ಟೆಂದು ಸಂಬಳ ಗೊತ್ತುಮಾಡುವ ವಿಷಯವನ್ನೂ ಹಿರಿಯರ ಮುಂದಿಡಿ, ಆಗ ಇದು ಜಗಳದ ಪತ್ರವಲ್ಲ ಎಂಬುದು ಅವರಿಗೂ ಕಾಣುತ್ತದೆ. ಖಾತೆಗೆ ಮೂವರ ಹೆಸರು, ಚೆಕ್ಕಿಗೆ ಇಬ್ಬರ ಸಹಿ, ಅವರಲ್ಲೊಬ್ಬರು ಪಾಸ್ಟರ್ ಮನೆಯವರಲ್ಲದವರು. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಕಾಣಿಕೆಯನ್ನು ಪೌಲ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ, ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. ಯಾರೂ ತಪ್ಪು ಹೊರಿಸಬಾರದು ಎಂದು ಕಾರಣವನ್ನೂ ಕೊಟ್ಟಿದ್ದಾನೆ, ಎರಡನೆಯ ಕೊರಿಂಥ 8ರಲ್ಲಿ.

"ಹೊರಗಿನವರಿಗೆ ಗೊತ್ತಾದರ ಸಭೆಗೆ ಕೆಟ್ಟ ಹೆಸರ್ರಿ ಅಕ್ಕಾರ" ಎಂದು ಹಿರಿಯರು ನಿಮ್ಮ ಬಾಯಿ ಮುಚ್ಚಿಸಲು ನೋಡಬಹುದು. ಹೊರಗಿನ ಒತ್ತಡ ಇಲ್ಲವೆಂದಲ್ಲ. ಅದಕ್ಕಾಗಿಯೇ ಲೆಕ್ಕ ಹೆಚ್ಚು ಚೊಕ್ಕಟವಾಗಿರಬೇಕು. ಸಭೆ ಯಾವ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನೂ ತಿಳಿದುಕೊಳ್ಳಿ. ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆಯಬೇಕು, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟಿಗಳು ಯಾರು, ಅವರ ಅಧಿಕಾರ ಎಷ್ಟು ಎಂಬುದು ಡೀಡ್‌ನಲ್ಲಿರುತ್ತದೆ. ಎರಡೂ ಅಲ್ಲದೆ ಒಬ್ಬರ ಸ್ವಂತ ಹೆಸರಿನಲ್ಲಿ ನಡೆಯುತ್ತಿದ್ದರೆ ಕಟ್ಟಡದ ಜಾಗ ಯಾರ ಹೆಸರಿನಲ್ಲಿ ಖರೀದಿಯಾಗಿದೆ ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆ ರೊಟ್ಟಿ ಹಣಕ್ಕಿಂತ ದೊಡ್ಡದು, ಅದನ್ನು ಹಿರಿಯರಲ್ಲಿ ಯಾರಾದರೂ ಎತ್ತಲಿ.

ಸಭೆ ಬಿಡುವ ಮಾತು ಈಗಲೇ ಬೇಡ. ಪತ್ರಕ್ಕೆ ಏನು ಉತ್ತರ ಬರುತ್ತದೆ ನೋಡಿ. ಲೆಕ್ಕದಲ್ಲಿ ತಪ್ಪಿದ್ದು, ಅದನ್ನು ಒಪ್ಪಿಕೊಂಡು ಸರಿಪಡಿಸಲು ಹೊರಟರೆ ಅವರ ಜೊತೆ ನಿಲ್ಲಿ, ಮತ್ತೆ ಮತ್ತೆ ಕೆದಕಬೇಡಿ. ಎರಡು ಸಲ ಕೇಳಿದ ಮೇಲೂ ಪುಲ್ಪಿಟ್‌ನಿಂದಲೇ ಉತ್ತರ ಬಂದರೆ, ಕೂಟದ ಹಣವನ್ನು ಅವರ ಕೈಗೆ ಕೊಡುವುದನ್ನು ನಿಲ್ಲಿಸಿ, ಯಾಕೆ ನಿಲ್ಲಿಸಿದಿರಿ ಎಂದು ಹಿರಿಯರಿಗೆ ತಿಳಿಸಿ. ಅದಾದ ಮೇಲೂ ನಿಮ್ಮನ್ನು ಕುಷ್ಠರೋಗಿಯಂತೆ ದೂರ ಕೂಡಿಸಿದರೆ ಹೊರಡಬಹುದು. ಹೊರಡುವಾಗ ಜನರನ್ನು ಎಬ್ಬಿಸಿಕೊಂಡು ಹೋಗಬೇಡಿ, ಹೊಸ ಸಭೆಯಲ್ಲಿ ಹಳೆಯ ಸಭೆಯ ಕಥೆ ಹೇಳಿ ಜಾಗ ಮಾಡಿಕೊಳ್ಳಬೇಡಿ. ಮತ್ತೆ, ಅಲ್ಲಿ ಹೆಸರು ಬರೆಸುವ ಮೊದಲು, ವರ್ಷದ ಜಮಾ-ಖರ್ಚನ್ನು ಯಾವ ತಿಂಗಳು ಸಭೆಯ ಮುಂದೆ ಓದುತ್ತೀರಿ ಎಂದು ಕೇಳಿ.